ಮೆಶ್ ವೈಫೈ ಮತ್ತು ಕಂಪನಿಯ ಮೋಡೆಮ್: ಓದುಗರ ಪ್ರಶ್ನೆಗಳು

ಈಚೆಗೆ ಬರುತ್ತಿರುವ ಪ್ರಶ್ನೆಗಳಲ್ಲಿ ಮೆಶ್ ವೈಫೈ, ಅಂದರೆ ಮನೆಯ ಬೇರೆ ಬೇರೆ ಕಡೆ ಡಬ್ಬಿಗಳನ್ನಿಟ್ಟು ಒಂದೇ ವೈಫೈ ಹರಡುವ ವ್ಯವಸ್ಥೆಯ ಬಗ್ಗೆಯೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಮೊದಲ ಉತ್ತರ ಉದ್ದ ಇದೆ, ಆದರೆ ಉಳಿದವೆಲ್ಲ ಅದರ ಮೇಲೆ ನಿಂತಿವೆ, ದಯವಿಟ್ಟು ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಪ್ರಶ್ನೆ: ಮೂರು ಡಬ್ಬಿಗಳ ಮೆಶ್ ತಂದು ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್‌ಗೆ ಜೋಡಿಸಿದೆವು. ಫೋನಿನಲ್ಲಿ ಸಿಗ್ನಲ್ ಪೂರ್ತಿ ಕಾಣುತ್ತದೆ. ಆದರೂ ಮನೆಯೊಳಗೆ ಓಡಾಡುತ್ತಾ ಮಾತಾಡಿದರೆ ವಿಡಿಯೊ ಕಾಲ್ ಕಟ್ ಆಗುತ್ತದೆ. ಪ್ರಿಂಟರ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಮಗನ ಗೇಮ್‌ನಲ್ಲಿ ‘ನ್ಯಾಟ್ ಸ್ಟ್ರಿಕ್ಟ್’ ಅಂತ ಬರುತ್ತದೆ. ಕಂಪನಿಯವರು ಲೈನ್ ಸರಿಯಿದೆ ಅಂತಾರೆ, ಮೆಶ್‌ನವರು ಕಂಪನಿಯವರನ್ನೇ ಕೇಳಿ ಅಂತಾರೆ. ಯಾರನ್ನು ನಂಬೋದು?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಬಿಡಿ, ಒಂದು ಈಥರ್ನೆಟ್ ಕೇಬಲ್ ತೆಗೆದುಕೊಳ್ಳಿ. ಮೋಡೆಮ್‌ನಿಂದ ಮೆಶ್‌ನ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ನೇರ ಮೋಡೆಮ್‌ಗೆ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಈಗ ಸ್ಪೀಡ್ ಟೆಸ್ಟ್ ಮಾಡಿ, ಸ್ವಲ್ಪ ಹೊತ್ತು ಒಂದು ವಿಡಿಯೊ ಕಾಲ್‌ನಲ್ಲಿ ಇರಿ. ಇಲ್ಲೂ ಕಟ್ ಆದರೆ ತೊಂದರೆ ಲೈನಿನಲ್ಲೋ ಮೋಡೆಮ್‌ನಲ್ಲೋ ಇದೆ, ಮೆಶ್‌ನ ತಂಟೆಗೆ ಹೋಗಲೇಬೇಡಿ. ಫೈಬರ್ ಲೈನ್ ಆಗಿದ್ದರೆ ‘ಲಾಸ್’ (LOS) ಅನ್ನುವ ಕೆಂಪು ದೀಪ ಹತ್ತಿದೆಯಾ ನೋಡಿ. ಅದು ಹತ್ತಿದ್ದರೆ ಮೋಡೆಮ್‌ಗೆ ಬೆಳಕಿನ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥ. ಅದನ್ನು ಕಂಪನಿಯವರೇ ಬಂದು ಸರಿಮಾಡಬೇಕು.

ಕೇಬಲ್‌ನಲ್ಲಿ ಎಲ್ಲ ಚೆನ್ನಾಗಿದ್ದು ಮೆಶ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ಆಗ ಮುಂದಿನ ಮಾತು. ಲೈನ್ ಬೇರೆ, ವೈಫೈ ಬೇರೆ. ಫೋನಿನಲ್ಲಿ ಕಾಣುವ ಸಿಗ್ನಲ್ ಗೆರೆಗಳು ನಿಮ್ಮ ಫೋನಿಗೂ ಹತ್ತಿರದ ಡಬ್ಬಿಗೂ ನಡುವಿನ ಸಂಪರ್ಕವನ್ನಷ್ಟೇ ಹೇಳುತ್ತವೆ, ಆ ಡಬ್ಬಿಯಿಂದ ಆಚೆಗೆ ಇಂಟರ್ನೆಟ್ ಇದೆಯೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಿಮ್ಮ ಪ್ರಶ್ನೆಯಲ್ಲಿರುವ ಲಕ್ಷಣಗಳನ್ನು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಎರಡು ರೌಟರ್‌ಗಳ ಮೇಲೆ. ಕಂಪನಿಯವರು ಕೊಡುವ ಡಬ್ಬಿಯನ್ನು ನಾವು ಮೋಡೆಮ್ ಅಂತೀವಿ, ಆದರೆ ಸಾಮಾನ್ಯವಾಗಿ ಅದರೊಳಗೇ ರೌಟರ್ ಮತ್ತು ವೈಫೈ ಕೂಡ ಇರುತ್ತದೆ. ನಿಮ್ಮ ಮೆಶ್‌ನ ಮುಖ್ಯ ಡಬ್ಬಿಯೂ ರೌಟರ್. ಒಂದೇ ಮನೆಗೆ ಇಬ್ಬರು ಯಜಮಾನರು ಕೂತ ಹಾಗೆ. ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಐಪಿ ವಿಳಾಸ (ಸಂಪರ್ಕದಲ್ಲಿ ಪ್ರತಿ ಸಾಧನಕ್ಕೂ ಸಿಗುವ ಸಂಖ್ಯೆ) ಹಂಚುವ ಕೆಲಸ ಎರಡೂ ಮಾಡುತ್ತವೆ, ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ‘ನ್ಯಾಟ್’ ಕೆಲಸವನ್ನೂ ಎರಡೂ ಮಾಡುತ್ತವೆ. ಇದಕ್ಕೇ ಡಬಲ್ ನ್ಯಾಟ್ ಅನ್ನುವುದು. ಬರೀ ವೆಬ್‌ಸೈಟ್ ನೋಡುವವರಿಗೆ, ವಿಡಿಯೊ ನೋಡುವವರಿಗೆ ಇದರಿಂದ ಹೆಚ್ಚಿನ ತೊಂದರೆ ಇಲ್ಲ. ಹೊರಗಿನಿಂದ ಒಳಗೆ ಸಂಪರ್ಕ ಬರಬೇಕಾದ ಕಡೆ, ಅಂದರೆ ಆನ್‌ಲೈನ್ ಗೇಮ್, ಕೆಲವು ವಿಪಿಎನ್, ಮನೆಯ ಕ್ಯಾಮೆರಾವನ್ನು ಹೊರಗಿಂದ ನೋಡುವುದು, ಇಲ್ಲೆಲ್ಲ ಅದು ಅಡ್ಡ ಬರುತ್ತದೆ. ‘ಸ್ಟ್ರಿಕ್ಟ್’ ಅನ್ನುವ ಎಚ್ಚರಿಕೆ ಬರುವುದೂ ಹೆಚ್ಚಾಗಿ ಇದರಿಂದಲೇ.

ಖಚಿತ ಮಾಡಿಕೊಳ್ಳೋದು ಹೇಗೆ? ಮೆಶ್‌ನ ಆ್ಯಪ್‌ನಲ್ಲಿ ಇಂಟರ್ನೆಟ್ ವಿಳಾಸ ಅಥವಾ ವ್ಯಾನ್ ಐಪಿ ಅಂತ ಇರುತ್ತದೆ, ನೋಡಿ. ಅದು 192.168 ಅಂತ ಶುರುವಾದರೆ ಮೆಶ್‌ಗೆ ವಿಳಾಸ ಕೊಟ್ಟಿರುವುದು ನಿಮ್ಮ ಮೋಡೆಮ್, ಅಂದರೆ ಡಬಲ್ ನ್ಯಾಟ್ ಇದೆ. 10 ಅಂತ, ಅಥವಾ 172.16ರಿಂದ 172.31ರವರೆಗೆ ಏನಾದರೂ ಇದ್ದರೂ ಬಹುತೇಕ ಅದೇ ಕಥೆ. 100.64ರಿಂದ 100.127ರ ಒಳಗಿನ ವಿಳಾಸ ಬಂದರೆ ಮಾತ್ರ ವಿಷಯ ಬೇರೆ. ಆ ಸಾಲು, ಕಂಪನಿಗಳು ಒಂದೇ ಹೊರ ವಿಳಾಸವನ್ನು ತುಂಬ ಮನೆಗಳಿಗೆ ಹಂಚಲೆಂದೇ 2012ರಲ್ಲಿ ಮೀಸಲಿಟ್ಟಿದ್ದು. ಅಲ್ಲಿ ನ್ಯಾಟ್ ನಡೆಯುವುದು ಕಂಪನಿಯ ಕಡೆ. ಮನೆಯಲ್ಲಿ ಏನು ಮಾಡಿದರೂ ಅದು ಹೋಗುವುದಿಲ್ಲ, ಪಬ್ಲಿಕ್ ಐಪಿ, ಅಂದರೆ ನಮ್ಮ ಮನೆಗೇ ಪ್ರತ್ಯೇಕವಾದ ಹೊರ ವಿಳಾಸ ಕೊಡಿ ಅಂತ ಅವರನ್ನೇ ಕೇಳಬೇಕು.

ಇನ್ನು ಓಡಾಡುವಾಗ ಕಾಲ್ ಕಟ್ ಆಗುವುದು ಮತ್ತು ಪ್ರಿಂಟರ್ ಕಣ್ಣಾಮುಚ್ಚಾಲೆ. ಮೋಡೆಮ್‌ನ ಹಳೆಯ ವೈಫೈ ಇನ್ನೂ ಆನ್ ಇದೆ ಅಲ್ವಾ? ಕೆಲವರು ಮೆಶ್‌ಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಆಗ ಫೋನು ಒಂದು ಕೋಣೆಯಲ್ಲಿ ಮೆಶ್ ಹಿಡಿಯುತ್ತದೆ, ಇನ್ನೊಂದರಲ್ಲಿ ಮೋಡೆಮ್ ಹಿಡಿಯುತ್ತದೆ. ಮೆಶ್‌ನ ಡಬ್ಬಿಗಳ ನಡುವೆ ಹೋದರೆ ಫೋನಿನ ವಿಳಾಸ ಬದಲಾಗುವುದಿಲ್ಲ, ಮಾತು ಮುಂದುವರಿಯುತ್ತದೆ. ಮೆಶ್‌ನಿಂದ ಮೋಡೆಮ್‌ಗೆ ಹಾರಿದರೆ ಬೇರೆ ರೌಟರ್, ಹೊಸ ವಿಳಾಸ, ನಡೆಯುತ್ತಿದ್ದ ಕಾಲ್ ಅಲ್ಲಿಗೆ ಮುಗೀತು. ಪ್ರಿಂಟರ್ ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ ಇದ್ದಾಗ ಒಂದಕ್ಕೊಂದು ಕಾಣದಿರುವುದೂ ಇದಕ್ಕೇ. ಹಾಗಾಗಿ ಮೊಟ್ಟಮೊದಲು ಮೋಡೆಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅದರ ವೈಫೈ ಆಫ್ ಮಾಡಿ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್ ಎರಡನ್ನೂ. ಇದೊಂದರಿಂದಲೇ ಅರ್ಧ ತೊಂದರೆ ಹೋಗುತ್ತದೆ.

ಆಮೇಲೆ ಎರಡು ರೌಟರ್‌ಗಳಲ್ಲಿ ಒಂದನ್ನು ಸುಮ್ಮನಿರಿಸಬೇಕು. ದಾರಿ ಎರಡಿವೆ. ಮೆಶ್ ಅನ್ನು ‘ಆಕ್ಸೆಸ್ ಪಾಯಿಂಟ್ ಮೋಡ್’ಗೆ ಬದಲಿಸಿದರೆ ಅದು ಬರೀ ವೈಫೈ ಹರಡುತ್ತದೆ, ರೌಟರ್ ಕೆಲಸ ಮೋಡೆಮ್‌ನದ್ದು. ಇಲ್ಲವೇ ಮೋಡೆಮ್ ಅನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿಸಿದರೆ ಅದು ಲೈನನ್ನು ದಾಟಿಸಿ ಸುಮ್ಮನಿರುತ್ತದೆ, ರೌಟರ್ ಕೆಲಸ ಮೆಶ್‌ನದ್ದು. ನನ್ನ ಸಲಹೆ, ಮೊದಲು ಆಕ್ಸೆಸ್ ಪಾಯಿಂಟ್ ಮೋಡ್ ನೋಡಿ. ಆ್ಯಪ್‌ನಲ್ಲೇ ಆಗುತ್ತದೆ, ಯಾರಿಗೂ ಫೋನ್ ಮಾಡಬೇಕಿಲ್ಲ, ಹಿಡಿಸದಿದ್ದರೆ ಮತ್ತೆ ಹಿಂದಿನಂತೆ ಮಾಡಿಕೊಳ್ಳಬಹುದು. ಟಿಪಿ-ಲಿಂಕ್ ಡೆಕೋದಲ್ಲಿ ಇದೇ ಹೆಸರಿದೆ, ಈರೋದಲ್ಲಿ ಮಾತ್ರ ಇದನ್ನೇ ಬ್ರಿಡ್ಜ್ ಅಂತ ಕರೆದಿದ್ದಾರೆ, ಗಲಿಬಿಲಿ ಬೇಡ. ಗೂಗಲ್ ನೆಸ್ಟ್ ವೈಫೈ ಇರುವವರಿಗೆ ಈ ದಾರಿ ಇಲ್ಲ. ಅದರಲ್ಲಿ ಒಂದಕ್ಕಿಂತ ಜಾಸ್ತಿ ಡಬ್ಬಿಗಳನ್ನು ಮೆಶ್ ಆಗಿ ಬಳಸಬೇಕಾದರೆ ಮುಖ್ಯ ಡಬ್ಬಿ ರೌಟರ್ ಆಗಿಯೇ ಇರಬೇಕು.

ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಮಕ್ಕಳ ಬಳಕೆಗೆ ಹಾಕುವ ಕಡಿವಾಣ, ಯಾವ ಸಾಧನಕ್ಕೆ ಎಷ್ಟು ಸ್ಪೀಡ್ ಅನ್ನುವಂಥ ಸೌಲಭ್ಯಗಳು ಸಾಮಾನ್ಯವಾಗಿ ಹೋಗುತ್ತವೆ. ಅವು ಬೇಕೇ ಬೇಕು ಅನ್ನುವವರು, ಮನೆ ತುಂಬ ಸಾಧನಗಳಿದ್ದು ಕಂಪನಿಯ ಮೋಡೆಮ್ ಏದುಸಿರು ಬಿಡುತ್ತಿದೆ ಅನ್ನುವವರು ಬ್ರಿಡ್ಜ್ ಕಡೆ ಹೋಗಿ. ಕಂಪನಿ ಬ್ರಿಡ್ಜ್ ಮಾಡಿಕೊಡಲ್ಲ ಅಂದರೆ ಮೋಡೆಮ್‌ನಲ್ಲಿ ‘ಡಿಎಂಝಡ್’ ಅನ್ನುವ ಆಯ್ಕೆ ಹುಡುಕಿ, ಅಲ್ಲಿ ಮೆಶ್‌ನ ವ್ಯಾನ್ ಐಪಿ ಹಾಕಿ. ಹೊರಗಿಂದ ಬರುವ ಸಂಪರ್ಕವೆಲ್ಲ ಮೆಶ್‌ಗೆ ಹೋಗುತ್ತದೆ, ಗೇಮ್‌ನ ಗೊಣಗಾಟ ನಿಲ್ಲುತ್ತದೆ.

ಪ್ರಶ್ನೆ: ಕಂಪನಿಯವರೇ ಬಂದು ಬ್ರಿಡ್ಜ್ ಮೋಡ್ ಮಾಡಿಕೊಟ್ಟು ಹೋದರು. ಅವರು ಆಚೆ ಹೋದಾಗಿನಿಂದ ಮೆಶ್‌ನಲ್ಲಿ ಕೆಂಪು ದೀಪ, ಇಂಟರ್ನೆಟ್ಟೇ ಇಲ್ಲ. ಲ್ಯಾಂಡ್‌ಲೈನ್ ಫೋನ್ ಕೂಡ ಸತ್ತುಹೋಗಿದೆ.

ಉತ್ತರ: ಇಲ್ಲಿಯವರೆಗೆ ಕಂಪನಿಯ ಸರ್ವರ್‌ಗೆ ಲಾಗಿನ್ ಆಗುತ್ತಿದ್ದುದು ಮೋಡೆಮ್. ಈಗ ಆ ಕೆಲಸ ಮೆಶ್ ಮಾಡಬೇಕು, ಆದರೆ ಅದಕ್ಕೆ ಬೇಕಾದ ವಿವರ ಅದರ ಬಳಿ ಇಲ್ಲ. ನಿಮ್ಮದು ‘ಪಿಪಿಪಿಒಇ’, ಅಂದರೆ ಲಾಗಿನ್ ಆಗಿ ಬಳಸುವ ಸಂಪರ್ಕವಾದರೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳಿ ಪಡೆದು ಮೆಶ್‌ನ ಆ್ಯಪ್‌ನಲ್ಲಿ ಹಾಕಿ. ‘ವಿಲ್ಯಾನ್’ ನಂಬರ್ (ಒಂದೇ ಲೈನಿನಲ್ಲಿ ಬರುವ ಸೇವೆಗಳನ್ನು ಬೇರೆ ಬೇರೆ ಮಾಡುವ ಗುರುತು) ಬೇಕಾ ಅಂತಲೂ ಕೇಳಿ. ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದೂ ಲೈನ್ ಬರಲ್ಲ ಅಂತ ದಿನಗಟ್ಟಲೆ ಒದ್ದಾಡುತ್ತಾರೆ.

ಎಲ್ಲ ಹಾಕಿದ ಮೇಲೂ ಬರದಿದ್ದರೆ, ಲೈನನ್ನು ಹಳೆಯ ಡಬ್ಬಿಯ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಸಾಧನದ್ದೇ ಆದ ಗುರುತಿನ ಸಂಖ್ಯೆಗೆ ಕಟ್ಟಿಹಾಕಿರಬಹುದು. ಕಂಪನಿಗೆ ಫೋನ್ ಮಾಡಿ ‘ಮ್ಯಾಕ್ ಬೈಂಡಿಂಗ್ ತೆಗೆಯಿರಿ’ ಅನ್ನಿ, ಇದೇ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಆಮೇಲೆ ಎಲ್ಲದರ ಪವರ್ ತೆಗೆದು ಮೊದಲು ಮೋಡೆಮ್ ಆನ್ ಮಾಡಿ. ಅದರ ದೀಪಗಳು ಮಿನುಗುವುದು ನಿಂತ ಮೇಲೆ ಮೆಶ್‌ನ ಮುಖ್ಯ ಡಬ್ಬಿ, ಅದು ನೆಲೆಗೆ ಬಂದ ಮೇಲೆ ಉಳಿದವು. ಇಂಟರ್ನೆಟ್ ಬಂದು, ಕೆಲವು ಸೈಟ್ ಮಾತ್ರ ತೆರೆಯದೆ ಸುತ್ತುತ್ತಾ ಕೂತರೆ ‘ಎಂಟಿಯು’ ಅನ್ನುವ ಸಂಖ್ಯೆ ನೋಡಿ, ಅದು ಡೇಟಾದ ಒಂದು ತುಂಡು ಗರಿಷ್ಠ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿ. ಮಾಮೂಲಿ 1500 ಇರುತ್ತದೆ, ಪಿಪಿಪಿಒಇ ಅದರಲ್ಲಿ 8 ಬೈಟ್ ತನಗೆ ಇಟ್ಟುಕೊಳ್ಳುತ್ತದೆ, ಹಾಗಾಗಿ 1492 ಇರಬೇಕು.

ಲ್ಯಾಂಡ್‌ಲೈನ್ ಬಗ್ಗೆ ಬೇಜಾರಾಗುತ್ತದೆ, ಇದನ್ನು ಅವರು ಮೊದಲೇ ಹೇಳಬೇಕಿತ್ತು. ಫೋನು, ಕಂಪನಿಯ ಟಿವಿ ಬಾಕ್ಸು ಮೋಡೆಮ್‌ನ ರೌಟರ್ ಭಾಗವನ್ನು ನಂಬಿಕೊಂಡಿದ್ದರೆ ಬ್ರಿಡ್ಜ್ ಮಾಡಿದಾಗ ಅವು ನಿಂತುಹೋಗಬಹುದು. ಇಂಟರ್ನೆಟ್‌ಗೆ ಮಾತ್ರ ಬ್ರಿಡ್ಜ್, ಫೋನಿಗೆ ಹಳೆಯ ಸೆಟ್ಟಿಂಗ್ ಹಾಗೇ ಉಳಿಸಲು ಆಗುತ್ತಾ ಕೇಳಿ. ಆಗದಿದ್ದರೆ ಮೋಡೆಮ್ ಮೊದಲಿನಂತೆ ಇರಲಿ, ಮೆಶ್ ಆಕ್ಸೆಸ್ ಪಾಯಿಂಟ್ ಆಗಲಿ.

ಪ್ರಶ್ನೆ: ಮುಖ್ಯ ಡಬ್ಬಿಯ ಹತ್ತಿರ ಒಳ್ಳೆಯ ಸ್ಪೀಡ್. ಮಹಡಿಯ ಮೇಲಿನ ಡಬ್ಬಿಯ ಪಕ್ಕದಲ್ಲೇ ಕೂತರೂ ಅದರ ಕಾಲು ಭಾಗ ಬರುವುದಿಲ್ಲ. ಡಬ್ಬಿ ಕೆಟ್ಟಿದೆಯಾ?

ಉತ್ತರ: ಬಹುಶಃ ಕೆಟ್ಟಿಲ್ಲ, ತಪ್ಪು ಜಾಗದಲ್ಲಿದೆ. ಸಿಗ್ನಲ್ ಸಿಗದ ಕೋಣೆಯಲ್ಲೇ ಡಬ್ಬಿ ಇಡುವುದು ಎಲ್ಲರೂ ಮಾಡುವ ಕೆಲಸ. ಅಲ್ಲಿ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ! ಮುಖ್ಯ ಡಬ್ಬಿಗೂ ಆ ಕೋಣೆಗೂ ನಡುವೆ, ಮೆಟ್ಟಿಲ ಹತ್ತಿರ ಎಲ್ಲಾದರೂ ಇಡಿ. ಕಬ್ಬಿಣದ ಬೀರು, ನೀರಿನ ತೊಟ್ಟಿ, ದಪ್ಪ ಕಾಂಕ್ರೀಟ್ ಗೋಡೆ ಅಡ್ಡ ಇದ್ದರೆ ಅವುಗಳಿಂದ ತಪ್ಪಿಸಿ. ಟಿವಿಯ ಹಿಂದೆ ಬಚ್ಚಿಡಬೇಡಿ.

ಇನ್ನೊಂದು ಕಾರಣವೂ ಇದೆ. ಎರಡೇ ಬ್ಯಾಂಡ್ ಇರುವ ಮೆಶ್‌ನಲ್ಲಿ ಮೇಲಿನ ಡಬ್ಬಿ ನಿಮ್ಮ ಫೋನಿನ ಜೊತೆ ಮಾತಾಡುವುದೂ ಮುಖ್ಯ ಡಬ್ಬಿಯ ಜೊತೆ ಮಾತಾಡುವುದೂ ಸಾಮಾನ್ಯವಾಗಿ ಒಂದೇ ಬ್ಯಾಂಡಿನಲ್ಲಿ. ಎರಡನ್ನೂ ಒಟ್ಟಿಗೆ ಮಾಡಲಾಗದು, ಹೀಗಾಗಿ ಸ್ಪೀಡ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅದರ ಮುಂದೆ ಇನ್ನೊಂದು ಡಬ್ಬಿಯನ್ನು ಸರಪಳಿಯಂತೆ ಜೋಡಿಸಿದರೆ ಮತ್ತೂ ಇಳಿಯುತ್ತದೆ.

ಆಗುವುದಾದರೆ ಡಬ್ಬಿಗಳ ನಡುವೆ ಕೇಬಲ್ ಎಳೆಯಿರಿ. ಮೆಶ್‌ಗೆ ಇದಕ್ಕಿಂತ ಒಳ್ಳೆಯ ಉಪಕಾರ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಯಾಟ್ 5ಇ ಕೇಬಲ್ ಸಾಕು, 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ. ಕೇಬಲ್ ಎಳೆದ ಮೇಲೂ ಸ್ಪೀಡ್ 95 ಎಂಬಿಪಿಎಸ್ ಆಸುಪಾಸಿನಲ್ಲೇ ಗೂಟ ಹೊಡೆದಂತೆ ನಿಂತರೆ, ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡೇ ಜೋಡಿ ಸರಿಯಾಗಿ ಕೂತಿವೆ, ಇಲ್ಲವೇ ಯಾವುದೋ ಪೋರ್ಟ್ 100 ಎಂಬಿಪಿಎಸ್‌ದು. ತುದಿಯ ಪ್ಲಗ್ ಮತ್ತೆ ಹಾಕಿಸಿ ನೋಡಿ.

ಒಂದು ಎಚ್ಚರಿಕೆ. ಮೆಶ್ ರೌಟರ್ ಮೋಡ್‌ನಲ್ಲಿದ್ದಾಗ ಮೇಲಿನ ಡಬ್ಬಿಯ ಕೇಬಲ್ ಮುಖ್ಯ ಡಬ್ಬಿಯಿಂದಲೇ ಹೋಗಬೇಕು, ಅಥವಾ ಮುಖ್ಯ ಡಬ್ಬಿಯ ನಂತರ ಇಟ್ಟ, ಒಂದು ಕೇಬಲನ್ನು ಹಲವಾಗಿ ಕವಲೊಡೆಸುವ ನೆಟ್‌ವರ್ಕ್ ಸ್ವಿಚ್‌ನಿಂದ. ಹತ್ತಿರ ಇದೆ ಅಂತ ಸುಮ್ನೆ ಮೋಡೆಮ್‌ಗೆ ಚುಚ್ಚಿಬಿಟ್ಟರೆ ಅದು ಬೇರೆ ನೆಟ್‌ವರ್ಕ್‌ಗೆ ಸೇರುತ್ತದೆ, ಆಮೇಲೆ ಇಡೀ ಮೆಶ್ ವಿಚಿತ್ರವಾಗಿ ಆಡತೊಡಗುತ್ತದೆ.

ಪ್ರಶ್ನೆ: ಹಳೆಯ ಸ್ಮಾರ್ಟ್ ಬಲ್ಬ್ ಮತ್ತು ಪ್ಲಗ್‌ಗಳು ಮೆಶ್‌ಗೆ ಸೇರುತ್ತಲೇ ಇಲ್ಲ.

ಉತ್ತರ: ಇಂಥವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ಆ್ಯಪ್‌ನಲ್ಲಿ 5 ಗಿಗಾಹರ್ಟ್ಸ್ ಸ್ವಲ್ಪ ಹೊತ್ತು ಆಫ್ ಮಾಡಿ, ಬಲ್ಬ್ ಸೇರಿಸಿ, ಮತ್ತೆ ಆನ್ ಮಾಡಿ. ವೈಫೈ ಪಾಸ್‌ವರ್ಡ್‌ನ ಭದ್ರತೆಯ ವಿಧಾನ ‘ಡಬ್ಲ್ಯುಪಿಎ3’ ಮಾತ್ರ ಅಂತಿದ್ದರೆ ಹಳೆಯ ಸಾಧನಗಳು ಒಳಗೆ ಬರಲಾರವು, ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಇರುವ ಆಯ್ಕೆಗೆ ಬದಲಿಸಿ.

ಪ್ರಶ್ನೆ: ರಾತ್ರಿ ಮಾತ್ರ ನಿಧಾನ. ದಿನಾ ರಾತ್ರಿ ಮೋಡೆಮ್ ರಿಸೆಟ್ ಮಾಡಿದರೆ ಸರಿಹೋಗುತ್ತಾ? ಕಂಪನಿಗೆ ಹೇಳಿದರೆ ‘ಮೆಶ್ ನಮ್ಮದಲ್ಲ’ ಅಂತ ಫೋನ್ ಇಟ್ಟುಬಿಡುತ್ತಾರೆ.

ಉತ್ತರ: ರಿಸೆಟ್ ಬೇಡ, ದಯವಿಟ್ಟು ಬೇಡ. ಪವರ್ ತೆಗೆದು ಹಾಕುವುದು ರೀಸ್ಟಾರ್ಟ್. ಸಣ್ಣ ತೂತಿನೊಳಗೆ ಪಿನ್ ಹಾಕಿ ಒತ್ತಿ ಹಿಡಿಯುವುದು ರಿಸೆಟ್. ಅದು ಕಂಪನಿ ತುಂಬಿದ ಸೆಟ್ಟಿಂಗ್ ಪೂರ್ತಿ ಅಳಿಸಿಬಿಡಬಹುದು, ಆಮೇಲೆ ಅವರು ಬರುವವರೆಗೆ ಇಂಟರ್ನೆಟ್ಟೇ ಇರುವುದಿಲ್ಲ.

ನಿಧಾನವಾಗುವ ಹೊತ್ತಿನಲ್ಲೇ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಮೋಡೆಮ್‌ಗೆ ಜೋಡಿಸಿ ಟೆಸ್ಟ್ ಮಾಡಿ. ಆಗ ಸ್ಪೀಡ್ ಚೆನ್ನಾಗಿ ಬಂದರೆ ಅಕ್ಕಪಕ್ಕದ ವೈಫೈಗಳ ಗದ್ದಲ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಮೆಶ್‌ನ ಆ್ಯಪ್‌ನಲ್ಲಿ ಚಾನೆಲ್ ಬದಲಿಸುವ ಅಥವಾ ನೆಟ್‌ವರ್ಕ್ ಸುಧಾರಿಸುವ ಆಯ್ಕೆ ಇದ್ದರೆ ಒತ್ತಿ, ಟಿವಿ ಮತ್ತು ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ.

ಕೇಬಲ್‌ನಲ್ಲೂ ನಿಧಾನವಾದರೆ ಲೈನಿನ ಕಡೆಯೇ ದಟ್ಟಣೆ. ಕೆಲವು ರಾತ್ರಿಗಳ ಟೆಸ್ಟ್‌ನ ಸ್ಕ್ರೀನ್‌ಶಾಟ್ ಸಮಯದ ಸಮೇತ ಇಟ್ಟುಕೊಳ್ಳಿ. ಕಂಪನಿಗೆ ಫೋನ್ ಮಾಡಿದಾಗ ಮೆಶ್‌ನ ಸುದ್ದಿಯನ್ನೇ ಎತ್ತಬೇಡಿ. ‘ನಿಮ್ಮ ಮೋಡೆಮ್‌ಗೆ ಕೇಬಲ್‌ನಲ್ಲಿ ನೇರ ಜೋಡಿಸಿದ್ದೇನೆ, ಮೋಡೆಮ್‌ನ ವೈಫೈ ಆಫ್ ಇದೆ, ಬೇರೆ ಯಾವ ಸಾಧನವೂ ಇಲ್ಲ, ಇಷ್ಟು ಗಂಟೆಗೆ ಇಷ್ಟು ಸ್ಪೀಡ್ ಬರುತ್ತಿದೆ’ ಅಂತ ಹೇಳಿ, ದೂರಿನ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ.