ಅಸ್ಯಾಸಿನ್ಸ್ ಕ್ರೀಡ್ ವಿಡಿಯೋ ಗೇಮ್ ಸೀರೀಸ್ ಸಾಕಾಗಿದೆ, ಎಲ್ಲ ಒಂದೇ ಥರ. ಅದರ ಶ್ಯಾಡೋಸ್ ಗೇಮ್ ತಗೊಳ್ಳೋದಾ, ಸೀರೀಸನ್ನೇ ಬಿಡೋದಾ?

ಒರಿಜಿನ್ಸ್, ಒಡಿಸ್ಸಿ, ವಲ್ಹಾಲ್ಲಾ ಮೂರನ್ನೂ ಸೇಲ್‌ನಲ್ಲಿ ತಗೊಂಡು ಒಂದೇ ಸಮನೆ ಆಡ್ತಿದ್ದೀನಿ ಅಂತ ಬರೆದಿದ್ದೀರಲ್ಲ, ನನ್ನ ಹಳೇ ಕಥೆಯೇ ಅದು.

ನಂದು ಇದೇ ಸೀರೀಸಿನ ಹಿಂದಿನ ಗೇಮ್‌ಗಳಾದ ಯೂನಿಟಿ, ಸಿಂಡಿಕೇಟ್ ಕಾಲ. 2014ರಲ್ಲಿ ಯೂನಿಟಿ ಬಂದಾಗ ಮುಖವೇ ಇಲ್ಲದೆ ಬರೀ ಕಣ್ಣುಗುಡ್ಡೆ, ಹಲ್ಲು ಕಾಣೋ ಪಾತ್ರಗಳ ಸ್ಕ್ರೀನ್‌ಶಾಟ್ ಎಲ್ಲೆಲ್ಲೂ ಹರಿದಾಡಿತ್ತು. ಗೇಮ್ ತಂದ ಕಂಪನಿ ಯೂಬಿಸಾಫ್ಟ್ ಕ್ಷಮೆ ಕೇಳಿ, ಡೆಡ್ ಕಿಂಗ್ಸ್ ಅನ್ನೋ ಹೆಚ್ಚುವರಿ ಭಾಗವನ್ನ ಪುಕ್ಕಟೆ ಕೊಡ್ತು. ನಾನು ಆಡಿದ್ದು ತಪ್ಪು ತಿದ್ದೋ ಪ್ಯಾಚ್‌ಗಳೆಲ್ಲ ಬಂದಮೇಲೆ, ಹಾಗಾಗಿ ಬಗ್ ಕಾಟ ಇರಲಿಲ್ಲ. ಕಾಟ ಇದ್ದದ್ದು ನನ್ನ ಚಾಳಿಯದ್ದು. ಯೂನಿಟಿ ನಡೆಯೋದು ಪ್ಯಾರಿಸ್‌ನಲ್ಲಿ; ಕಥೆ ಮುಗಿದಮೇಲೂ ಆ ಮ್ಯಾಪ್ ತುಂಬ ಪೆಟ್ಟಿಗೆ ಐಕಾನ್. ಕೊಟ್ಟ ಕಾಸು ವಸೂಲಾಗಬೇಕಲ್ಲ! ಒಂದೂ ಬಿಡದೆ ತೆಗೆದೆ. ಪೆಟ್ಟಿಗೇಲಿ ಏನಿತ್ತು ಕೇಳಿದ್ರೆ, ಗೇಮಿನೊಳಗಿನ ದುಡ್ಡು. ಅದರಿಂದ ಕೊಳ್ಳೋದಕ್ಕೆ ನನಗೆ ಏನೂ ಉಳಿದಿರಲಿಲ್ಲ. ಆದರೂ ತೆಗೆದೆ. ರಾತ್ರಿ ಊಟ ಆಗಿ ಕೂತರೆ ಮಿಷನ್ ಇಲ್ಲ, ಕಥೆ ಇಲ್ಲ, ಸೂರು ಹತ್ತು, ಬೀಗ ತೆಗಿ, ಕೆಳಗಿಳಿ, ಅಷ್ಟೇ. ಅದು ಆಡೋದಲ್ಲ, ಗುಮಾಸ್ತಗಿರಿ. ಸುಸ್ತಾಗಿದ್ದೀನಿ ಅಂತಲೂ ಗೊತ್ತಾಗಲಿಲ್ಲ, ಯಾಕಂದ್ರೆ ಗೇಮ್ ಎಷ್ಟು ಮುಗಿಸಿದೆ ಅಂತ ತೋರಿಸೋ ಪರ್ಸೆಂಟೇಜ್ ಏರ್ತಾ ಇತ್ತು.

ಅದು ಮುಗಿದ ಮಾರನೇ ದಿನವೇ ಸಿಂಡಿಕೇಟ್ ಹಾಕಿದೆ. ಮಧ್ಯೆ ಒಂದು ವಾರ ಬಿಟ್ಟಿದ್ರೂ ಕಥೆ ಬೇರೆ ಆಗ್ತಿತ್ತೇನೋ. 1868ರ ಲಂಡನ್, ಜೇಕಬ್–ಈವಿ ಅಂತ ಅಕ್ಕ ತಮ್ಮ, ಅಡಗುತಾಣವೇ ಓಡೋ ರೈಲು. ಗ್ರಹಾಂ ಬೆಲ್ ಕೊಡೋ ಹಗ್ಗದ ಲಾಂಚರ್ ಕೈಲಿದೆ, ಒಂದು ಬಟನ್ ಒತ್ತಿದ್ರೆ ಸರ್ರಂತ ಸೂರಿನ ಮೇಲೆ. ನಾನು ಮಾತ್ರ ಪ್ಯಾರಿಸ್ ಅಭ್ಯಾಸದಲ್ಲೇ ಕಂಟ್ರೋಲರಿನ ಆರ್2 ಬಟನ್ ಅದುಮಿ ಹಿಡಿದು ಒಂದೊಂದೇ ಕಿಟಕಿ ಹತ್ತುತ್ತಿದ್ದೆ! ಹತ್ತಿ, ‘ಥೂ, ಅದೇ ಗೋಡೆ, ಅದೇ ಕೆಲಸ’ ಅಂತ ಬೈದೆ. ಅರ್ಧಕ್ಕೇ ಡಿಸ್ಕ್ ಮಾರಿದೆ. ಕೇಳಿದವರಿಗೆಲ್ಲ ದಂಡ ಅಂದೆ. ಅದೇ ಸಿಟ್ಟಲ್ಲಿ 2017ರಲ್ಲಿ ಒರಿಜಿನ್ಸ್ ಬಂದಾಗ ತಿರುಗಿಯೂ ನೋಡಲಿಲ್ಲ. ವರ್ಷಗಟ್ಟಲೆ ಆದಮೇಲೆ ಅದರ ನಾಯಕ ಬಯೆಕ್‌ನ ಕಥೆ ಆಡಿ, ಆಮೇಲೆ ಸಿಂಡಿಕೇಟ್ ಮತ್ತೆ ತಗೊಂಡೆ. ಈವಿ ಈ ಸೀರೀಸಿನ ಒಳ್ಳೇ ಪಾತ್ರಗಳಲ್ಲಿ ಒಬ್ಬಳು. ನಾನು ಸಿಂಡಿಕೇಟ್‌ಗೆ ಹಾಕಿದ ಮಾರ್ಕು ಯೂನಿಟಿಯ ಪೆಟ್ಟಿಗೆಗಳದ್ದು.

ಇದು ನನ್ನೊಬ್ಬನ ಕಥೆಯಲ್ಲ. ಸಿಂಡಿಕೇಟ್‌ನ ಮೊದಲ ವಾರದ ಮಾರಾಟಕ್ಕೆ ಯೂನಿಟಿಯ ಹೊಡೆತ ಬಿದ್ದಿದ್ದನ್ನ ಕಂಪನಿಯೇ ಒಪ್ಪಿತು. 2016ರಲ್ಲಿ ಈ ಸೀರೀಸಿನ ದೊಡ್ಡ ಗೇಮ್ ತರಲೇ ಇಲ್ಲ. ಆ ಒಂದು ವರ್ಷದ ರಜೆಯಿಂದಲೇ ಒರಿಜಿನ್ಸ್ ಚೆನ್ನಾಯ್ತು ಅಂತ ಹೇಳೋದು ನನಗೆ ಒಪ್ಪಿಗೆ ಇಲ್ಲ. ಇದೇ ಸೀರೀಸಿನ ಬ್ಲ್ಯಾಕ್ ಫ್ಲ್ಯಾಗ್ ಮಾಡಿದ ತಂಡ 2013 ಆದಮೇಲೆ ಒರಿಜಿನ್ಸ್ ಮೇಲೇ ಕೂತಿತ್ತು. ರಜೆ ಸಿಕ್ಕಿದ್ದು ಆಡೋ ನಮಗೆ.

‘ಪ್ರತಿ ವರ್ಷ ಅದನ್ನೇ ತುರುಕ್ತಾರೆ’ ಅನ್ನೋ ನಿಮ್ಮ ದೂರು 2015ರಲ್ಲಿ ಸರಿ ಇತ್ತು. ನಿಮ್ಮ ಮೂರು ಗೇಮ್ ಬಂದದ್ದು 2017, 2018, 2020ರಲ್ಲಿ. ಮೂರು ವರ್ಷದ್ದನ್ನ ನೀವು ಕೆಲವೇ ತಿಂಗಳಲ್ಲಿ ಮುಗಿಸೋಕೆ ಹೊರಟಿದ್ದೀರಿ. ಮೂರು ಮದುವೆ ಊಟ ಒಂದೇ ಮಧ್ಯಾಹ್ನ ಉಂಡು ಕೊನೇ ಮನೆ ಹೋಳಿಗೆ ಚೆನ್ನಾಗಿಲ್ಲ ಅಂದ ಹಾಗಾಯ್ತು. ವಲ್ಹಾಲ್ಲಾ ಉದ್ದ ಜಾಸ್ತಿ ಅನ್ನೋದು ನಿಜ, ಅದಕ್ಕೆ ಬೈಯಿರಿ, ನಾನೂ ಬೈತೀನಿ.

ಕೊಳ್ಳೋದಾ ಬೇಡ್ವಾ ಅನ್ನೋದನ್ನ ಈಗ ತೀರ್ಮಾನಿಸಲೇಬೇಡಿ. ವಲ್ಹಾಲ್ಲಾನ ಇದ್ದಲ್ಲೇ ನಿಲ್ಲಿಸಿ, ಸೇವ್ ಎಲ್ಲೂ ಓಡಿಹೋಗಲ್ಲ. ಮಧ್ಯೆ ಫುಟ್‌ಬಾಲೋ ರೇಸಿಂಗೋ, ಮ್ಯಾಪೇ ಇಲ್ಲದ್ದು ಏನಾದ್ರೂ ಆಡಿ. ಈ ಸೀರೀಸಿಗೇ ವಾಪಸ್ ಬರಬೇಕು ಅನಿಸಿದ್ರೆ ಮೊದಲು ಮಿರಾಜ್ ಹಾಕಿ, ಚಿಕ್ಕದು, ಬಾಗ್ದಾದ್ ಸುತ್ತಮುತ್ತವೇ ನಡೆಯುತ್ತೆ. ಶ್ಯಾಡೋಸ್ ಮುಂದಿನ ಸೇಲ್‌ನಲ್ಲಿ ಇನ್ನೂ ಕಡಿಮೆಗೆ ಸಿಗಬಹುದು.