ಆ ನೂರು ಸಂಚಿಕೆಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ

ಮಾರ್ವೆಲ್ ಕಾಮಿಕ್ಸ್‌ನ ‘ಸಿವಿಲ್ ವಾರ್’ ಕ್ರಾಸ್‌ಓವರ್‌ಗೆ (ಹಲವು ಹೀರೋಗಳ ಪುಸ್ತಕಗಳಲ್ಲಿ ಹರಡಿಕೊಂಡ ಒಂದೇ ಕಥೆಗೆ) ಸೇರಿದ ನೂರರ ಆಸುಪಾಸಿನ ಸಂಚಿಕೆಗಳ ಪಟ್ಟಿ ಸಿಕ್ಕಿದೆ, ಒಂದನ್ನೂ ಬಿಡದೆ ಸರಿಯಾದ ಕ್ರಮದಲ್ಲಿ ಓದುವುದು ಹೇಗೆ, ಅದಕ್ಕೂ ಮೊದಲು ಹಳೆಯ ಕಥೆಗಳನ್ನೆಲ್ಲ ಓದಿರಬೇಕೇ ಎಂದು ಕೇಳಿದ್ದೀರಿ. ಹಾಗೆ ಓದಲೇಬೇಡಿ. ಅಂಥದ್ದೇ ಪಟ್ಟಿಯನ್ನು ಕೈಯಾರೆ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮುಗಿಸಿದ ಪ್ರತಿ ಸಂಚಿಕೆಯ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾ ಕುಳಿತವನು ನಾನು. ಮೂವತ್ತೆಂಟನೆಯ ಗುರುತಿನ ಕೆಳಗೆ ಪುಟ ಖಾಲಿ. ಆಮೇಲೆ ನಾಲ್ಕು ವರ್ಷ ಕಾಮಿಕ್ಸ್ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮಾರ್ವೆಲ್ 2006ರಲ್ಲಿ ಆರಂಭಿಸಿದ ಈ ಕ್ರಾಸ್‌ಓವರ್‌ನ ಮೂಲ ಸರಣಿ ಇರುವುದೇ 7 ಸಂಚಿಕೆ. ಬರೆದವರು ಮಾರ್ಕ್ ಮಿಲ್ಲರ್, ಚಿತ್ರ ಸ್ಟೀವ್ ಮೆಕ್‌ನಿವೆನ್ ಅವರದು. ಸ್ಟ್ಯಾಮ್‌ಫರ್ಡ್ ಎಂಬ ಊರಿನಲ್ಲಿ ಸ್ಫೋಟವಾಗಿ 600ಕ್ಕೂ ಹೆಚ್ಚು ಜನ ಸಾಯುತ್ತಾರೆ. ಸೂಪರ್‌ಹೀರೋಗಳೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನು ಬರುತ್ತದೆ. ಐರನ್ ಮ್ಯಾನ್ ಪರ, ಕ್ಯಾಪ್ಟನ್ ಅಮೆರಿಕ ವಿರುದ್ಧ. ಇಷ್ಟು ಗೊತ್ತಿದ್ದರೆ ಸಾಕು. ಉಳಿದ ತೊಂಬತ್ತು ಚಿಲ್ಲರೆ ಸಂಚಿಕೆಗಳು ಟೈ-ಇನ್‌ಗಳು, ಅಂದರೆ ಬೇರೆ ಬೇರೆ ಹೀರೋಗಳ ಸ್ವಂತ ಪುಸ್ತಕಗಳಲ್ಲಿ ಈ ಜಗಳದ ನೆರಳು ಬಿದ್ದಂಥವು.

ನನ್ನ ತಪ್ಪು ನಡೆದದ್ದು ಎರಡನೆಯ ಸಂಚಿಕೆಯ ಹತ್ತಿರ. (ಈ ಗುಟ್ಟು ಈಗ ಲೋಕಕ್ಕೆಲ್ಲ ತಿಳಿದಿದೆ. ನಿಮಗೆ ಮಾತ್ರ ತಿಳಿದಿಲ್ಲ ಎಂದಾದರೆ ಈ ಪ್ಯಾರಾದ ಉಳಿದ ಭಾಗವನ್ನೂ ಮುಂದಿನ ಪ್ಯಾರಾವನ್ನೂ ಹಾರಿಸಿ.) ಆ ಸಂಚಿಕೆಯ ಕೊನೆಯ ಪುಟದಲ್ಲಿ, ಪತ್ರಕರ್ತರ ಕ್ಯಾಮೆರಾಗಳ ಎದುರು ಸ್ಪೈಡರ್ ಮ್ಯಾನ್ ತನ್ನ ಮುಖವಾಡ ಕಳಚುತ್ತಾನೆ. ನಾಲ್ಕು ದಶಕಗಳಿಂದ ಕಾಪಾಡಿಕೊಂಡು ಬಂದ ಗುಟ್ಟು, ಒಂದೇ ಪುಟದಲ್ಲಿ ಬಯಲು. ಪುಟ ತಿರುಗಿಸಿದಾಗ ಎದೆ ಧಸಕ್ಕೆನ್ನಬೇಕು.

ನನಗೆ ಏನೂ ಅನ್ನಿಸಲಿಲ್ಲ. ಏಕೆಂದರೆ ಪಟ್ಟಿಯ ಪ್ರಕಾರ ಅದಕ್ಕೂ ಮೊದಲೇ ‘ಅಮೇಜಿಂಗ್ ಸ್ಪೈಡರ್ ಮ್ಯಾನ್’ ಸರಣಿಯ 532ನೆಯ ಸಂಚಿಕೆಯನ್ನು ಓದಿ ಗುರುತು ಹಾಕಿಯಾಗಿತ್ತು. ಅದರಲ್ಲಿ ಪೀಟರ್, ಅಂದರೆ ಮುಖವಾಡದ ಹಿಂದಿನ ಸ್ಪೈಡರ್ ಮ್ಯಾನ್, ಮುಖ ತೋರಿಸಬೇಕೋ ಬೇಡವೋ ಎಂದು ಹೆಂಡತಿ ಮೇರಿ ಜೇನ್ ಮತ್ತು ತನ್ನನ್ನು ಸಾಕಿದ ಆಂಟ್ ಮೇ ಜೊತೆ ಕುಳಿತು ಚರ್ಚಿಸುತ್ತಾನೆ. ಘಟನೆಗಳು ನಡೆದ ಕಾಲದ ಲೆಕ್ಕದಲ್ಲಿ ಪಟ್ಟಿ ಸರಿಯೇ: ಚರ್ಚೆ ಮೊದಲು, ಮುಖವಾಡ ಕಳಚುವುದು ಆಮೇಲೆ. ಆದರೆ ಕಥೆ ಹೇಳುವವನ ಲೆಕ್ಕವೇ ಬೇರೆ. ಆ ಪುಟಕ್ಕೆ ಓದುಗ ಸುಳಿವಿಲ್ಲದೆ ಬರಲಿ ಎಂದು ಅವನು ಬೇಕೆಂದೇ ಚರ್ಚೆಯನ್ನು ಮರೆಮಾಚಿದ್ದಾನೆ. ನಾನು ಪರದೆಯ ಹಿಂದೆ ಹೋಗಿ ಬಣ್ಣ ಹಚ್ಚುವುದನ್ನೆಲ್ಲ ನೋಡಿ ಬಂದು, ಆಟದಲ್ಲಿ ಸ್ವಾರಸ್ಯವೇ ಇಲ್ಲ ಎಂದು ಮುಖ ಸಿಂಡರಿಸುತ್ತಿದ್ದೆ.

ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಏಕೆಂದರೆ ನನಗೆ ಇದು ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ತೊಂದರೆ ಸಂಚಿಕೆಗಳ ಸಂಖ್ಯೆಯದ್ದಲ್ಲ, ಹೆಚ್ಚು ಓದಿದ್ದೂ ತಪ್ಪಲ್ಲ. ಅಂಥ ಪಟ್ಟಿಗಳನ್ನು ಮಾಡುವವರು ಎಲ್ಲವನ್ನೂ ಆಗಲೇ ಓದಿ ಮುಗಿಸಿದವರು. ಯಾವುದು ಯಾವುದಕ್ಕಿಂತ ಮುಂಚೆ ನಡೆಯಿತು ಎಂದು ಜೋಡಿಸುವುದು ಅವರಿಗೆ ಸಂತೋಷ. ಹಾಗಾಗಿ ಅದು ಎರಡನೆಯ ಓದಿನ ಪಟ್ಟಿ. ಅದನ್ನು ಮೊದಲ ಓದಿಗೆ ಹಿಡಿದರೆ, ಇತ್ತ ಮೂಲ ಕಥೆಯ ಜಗಳ ಕಾವೇರುವಾಗ ಅತ್ತ ವುಲ್ವರಿನ್ ತನ್ನ ಪುಸ್ತಕದಲ್ಲಿ ಸ್ಫೋಟ ಮಾಡಿದವನ ಬೆನ್ನಟ್ಟುತ್ತಿರುತ್ತಾನೆ, ‘ಫ್ರಂಟ್ ಲೈನ್’ ಎಂಬ ಟೈ-ಇನ್ ಸರಣಿಯ ವರದಿಗಾರರು ಅದೇ ಸ್ಫೋಟದ ಬಗ್ಗೆ ವಿಚಾರಿಸುತ್ತಿರುತ್ತಾರೆ. ನಾನು ಸ್ಟ್ಯಾಮ್‌ಫರ್ಡ್‌ನ ಹೊಗೆಯಿಂದ ಹೊರಬರಲೇ ಇಲ್ಲ.

ನಾಲ್ಕು ವರ್ಷದ ನಂತರ ಸ್ನೇಹಿತನೊಬ್ಬ ಮೂಲ ಸರಣಿಯ 7 ಸಂಚಿಕೆಗಳನ್ನಷ್ಟೇ ಕೈಗಿಟ್ಟ. ಒಂದೇ ಸಂಜೆಗೆ ಮುಗಿಯಿತು. ಇಡೀ ಕಥೆ ಅರ್ಥವಾಯಿತು, ನನ್ನ ಮೇಲೆ ನನಗೇ ಸಿಟ್ಟೂ ಬಂತು. ‘ಫ್ರಂಟ್ ಲೈನ್’ನ 11 ಸಂಚಿಕೆಗಳನ್ನು ಆಮೇಲೆ ಮೂಲ ಸರಣಿಯಿಂದ ಬೇರೆಯಾಗಿ, ಒಂದರ ಹಿಂದೊಂದು ಓದಿದೆ. ಹಿಂದೆ ಕಿರಿಕಿರಿ ಅನ್ನಿಸಿದ್ದ ಅದೇ ವರದಿಗಾರರು ಆಗ ಇಷ್ಟವಾದರು.

ಹಾಗೆಂದು ಎಲ್ಲ ಕ್ರಾಸ್‌ಓವರ್‌ಗೂ ಈ ಮಾತು ಹೊಂದುವುದಿಲ್ಲ. ಮಾರ್ವೆಲ್‌ನದೇ 1992ರ ‘ಎಕ್ಸ್‌-ಕ್ಯೂಷನರ್ಸ್ ಸಾಂಗ್’ಗೆ ಮೂಲ ಸರಣಿ ಎಂಬುದೇ ಇಲ್ಲ. ಒಂದೇ ಕಥೆ 12 ಭಾಗಗಳಲ್ಲಿ ‘ಅನ್‌ಕ್ಯಾನಿ ಎಕ್ಸ್‌-ಮೆನ್’, ‘ಎಕ್ಸ್‌-ಫ್ಯಾಕ್ಟರ್’, ‘ಎಕ್ಸ್‌-ಮೆನ್’, ‘ಎಕ್ಸ್‌-ಫೋರ್ಸ್’ ಎಂಬ ನಾಲ್ಕು ಪುಸ್ತಕಗಳ ನಡುವೆ ಕೈ ಬದಲಾಯಿಸುತ್ತಾ ಸಾಗುತ್ತದೆ. ಅಲ್ಲಿ ಒಂದು ಭಾಗ ಬಿಟ್ಟರೂ ಕಥೆಯ ಕಾಲು ಮುರಿಯುತ್ತದೆ. ಸಂಚಿಕೆಯ ಮುಖಪುಟದ ಮೇಲೆ ಭಾಗದ ಸಂಖ್ಯೆ ಇದ್ದರೆ ಅದೇ ಕ್ರಮದಲ್ಲಿ ಎಲ್ಲವನ್ನೂ ಓದಿ; ಬರೀ ಕ್ರಾಸ್‌ಓವರ್‌ನ ಹೆಸರಿದ್ದರೆ ಆ ಹೀರೋ ನಿಮಗೆ ಪ್ರೀತಿಯವನಾಗಿದ್ದರೆ ಮಾತ್ರ ಓದಿ. ಈ ಸೂತ್ರವೂ ಒಮ್ಮೊಮ್ಮೆ ಕೈಕೊಡುತ್ತದೆ. ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿಯ ‘ಫೈನಲ್ ಕ್ರೈಸಿಸ್’ ಕ್ರಾಸ್‌ಓವರ್‌ನಲ್ಲಿ ‘ಸೂಪರ್‌ಮ್ಯಾನ್ ಬಿಯಾಂಡ್’ ಎಂಬ 2 ಸಂಚಿಕೆಗಳನ್ನು ಟೈ-ಇನ್ ಎಂದು ಬಿಟ್ಟು, ಕೊನೆಯಲ್ಲಿ ಬರುವ ಖಳ ಯಾರೆಂದೇ ತಿಳಿಯದೆ ಕಣ್ಣು ಕಣ್ಣು ಬಿಟ್ಟಿದ್ದೇನೆ.

ಹಳೆಯ ಕಥೆಗಳ ವಿಷಯ: ಸ್ಪೈಡರ್ ಮ್ಯಾನ್ 1962ರಲ್ಲಿ ಬಂದವನು. ಅಲ್ಲಿಂದ ಓದುತ್ತಾ ಬಂದರೆ 2006ನ್ನು ನೀವು ಮುಟ್ಟುವುದಿಲ್ಲ. ಗೊತ್ತಿಲ್ಲದ ಹೀರೋ ಎದುರಾದಾಗ ಅವನು ಯಾವ ಪಕ್ಷದವನು ಎಂದಷ್ಟೇ ನೋಡಿ ಮುಂದೆ ಹೋಗಿ.

7 ಸಂಚಿಕೆ ಮುಗಿದ ಮೇಲೆ ಒಂದನ್ನು ಮಾತ್ರ ಬಿಡಬೇಡಿ: 2007ರ ‘ಕ್ಯಾಪ್ಟನ್ ಅಮೆರಿಕ’ ಸರಣಿಯ 25ನೆಯ ಸಂಚಿಕೆ. ಅದರಲ್ಲಿ ಏನಿದೆ ಎಂದು ಎಲ್ಲಿಯೂ ಹುಡುಕದೆ, ಆ ನಿಮ್ಮ ಪಟ್ಟಿಯನ್ನೂ ತೆರೆಯದೆ ಓದಿ.