ಹಿಂದಿನ ಮಾಲೀಕರ ನೀರಿನ ಬಾಕಿ ನಮ್ಮ ತಲೆಗೆ ಬಂದಿದೆ, ಸಂಪರ್ಕ ಕಡಿತದ ನೋಟಿಸ್ ಕೊಟ್ಟಿದ್ದಾರೆ. ಏನು ಮಾಡಬೇಕು?

ನೀವು ಬೆಂಗಳೂರಿನಲ್ಲಿ ಹಳೆಯ ಮನೆ ಕೊಂಡಿದ್ದೀರಿ. 2023-24ರ ನೀರಿನ ಬಿಲ್ಲುಗಳನ್ನು ಮಾರಿದವರು ಕಟ್ಟಿಲ್ಲ, ಜಲಮಂಡಳಿಯ ನೋಟಿಸ್ ಈಗ ನಿಮ್ಮ ಕೈಯಲ್ಲಿದೆ. ಅದನ್ನು ನೀವೇಕೆ ಕಟ್ಟಬೇಕು ಎಂದು ಕೇಳಿದ್ದೀರಿ.

ನೀರು ಬೇಕೆಂದರೆ ಕಟ್ಟಬೇಕಾಗುತ್ತದೆ. ಕಚೇರಿಯವರು ನೋಡುವುದು ಆರ್.ಆರ್. ಸಂಖ್ಯೆಯನ್ನು, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ಗುರುತು ಸಂಖ್ಯೆಯನ್ನು. ಬಾಕಿ ಆ ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ಕ್ರಯಪತ್ರದಲ್ಲಿ ‘ಹಳೆಯ ಬಾಕಿಗಳಿಗೆ ಮಾರಾಟಗಾರರೇ ಹೊಣೆ’ ಎಂಬ ಮಾತಿದ್ದರೆ, ಕಟ್ಟಿದ ರಸೀದಿ ಇಟ್ಟುಕೊಂಡು ಅವರಿಂದ ವಸೂಲು ಮಾಡಿ. ಅವರು ಕೊಡಲಿ ಎಂದು ಕಾಯುತ್ತ ಕೂತರೆ ಬಡ್ಡಿ ಬೆಳೆಯುತ್ತದೆ, ನಲ್ಲಿಯೂ ಬಂದ್ ಆಗುತ್ತದೆ.

ಆದರೆ ನೋಟಿಸಿನಲ್ಲಿರುವ ಮೊತ್ತವನ್ನು ಹಾಗೇ ಒಪ್ಪಿ ಕಟ್ಟಬೇಡಿ. ನಿಮ್ಮ ಉಪವಿಭಾಗದ ಕಚೇರಿಗೆ ಹೋಗಿ ಆ ಆರ್.ಆರ್. ಸಂಖ್ಯೆಯ ತಿಂಗಳುವಾರು ಲೆಕ್ಕ ಕೇಳಿ: ರೀಡಿಂಗ್, ಬಳಕೆ, ನೀರಿನ ಶುಲ್ಕ, ನೈರ್ಮಲ್ಯ ಶುಲ್ಕ, ಬಡ್ಡಿ, ಕಟ್ಟಿದ ಹಣ. ಎಷ್ಟು ತಿಂಗಳು ‘ಡೋರ್ ಲಾಕ್’ (ಬೀಗ ಹಾಕಿದ್ದರಿಂದ ಮೀಟರ್ ಓದಲಾಗಿಲ್ಲ) ಅಥವಾ ಸರಾಸರಿ ಬಿಲ್ ಇದೆ ಎಂದು ಎಣಿಸಿ. ತಪ್ಪು ಹೆಚ್ಚಾಗಿ ಅಡಗಿರುವುದು ಅಲ್ಲೇ.

ಹೇಗೆಂದರೆ, 2014ರಿಂದ 2025ರ ಮಾರ್ಚ್‌ವರೆಗೆ ಗೃಹಬಳಕೆಯ ದರ ಸಾವಿರ ಲೀಟರಿಗೆ ಹೀಗಿತ್ತು: ಮೊದಲ 8,000 ಲೀಟರಿಗೆ 7 ರೂಪಾಯಿ, ಅಲ್ಲಿಂದ 25,000ದವರೆಗೆ 11, ಆಮೇಲೆ 50,000ದವರೆಗೆ 26, ಅದರ ಮೇಲೆ 45. ಮನೆಯಲ್ಲಿ ಜನರಿದ್ದರೂ ಮೀಟರ್ ಓದುವವರು ಬಂದಾಗಲೆಲ್ಲ ಗೇಟಿಗೆ ಬೀಗವಿತ್ತು, ಮೂರು ತಿಂಗಳ ಮೇಲೆ ಓದಿದಾಗ ಮೀಟರಿನಲ್ಲಿ 45,000 ಲೀಟರ್ ಏರಿದೆ ಎನ್ನಿ. ಅಷ್ಟನ್ನೂ ಒಂದೇ ತಿಂಗಳ ಬಳಕೆ ಎಂದು ಹಾಕಿದರೆ 763 ರೂಪಾಯಿ. ತಿಂಗಳಿಗೆ 15,000ದಂತೆ ಹಂಚಿದರೆ 133ರ ಮೂರು ಪಾಲು, ಅಂದರೆ 399. ನೀರು ಅಷ್ಟೇ, ಬಿಲ್ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಅದರ ಮೇಲೆ ಬಡ್ಡಿಯೂ ಕೂತಿರುತ್ತದೆ. ಇಂಥದ್ದು ಕಂಡರೆ, ‘ಬಳಕೆಯನ್ನು ತಿಂಗಳುಗಳಿಗೆ ಹಂಚಿ ಬಿಲ್ ಪರಿಷ್ಕರಿಸಿ, ಆ ಮೊತ್ತದ ಬಡ್ಡಿ ತೆಗೆಯಿರಿ’ ಎಂದು ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ ಅರ್ಜಿ ಬರೆಯಿರಿ. ಮೀಟರಿನ ಅಂಕಿ ಮತ್ತು ಮೀಟರ್ ಸಂಖ್ಯೆ ಎರಡೂ ಕಾಣುವ ಫೋಟೋ, ಹಳೆಯ ಬಿಲ್, ಕ್ರಯಪತ್ರದ ಪ್ರತಿ ಜೊತೆಗಿರಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಯಿಮಾತಿನ ಭರವಸೆ ನಂಬಿದವರ ಮನೆಗೂ ಕಡಿತದ ಸಿಬ್ಬಂದಿ ಬರುತ್ತಾರೆ, ಏಕೆಂದರೆ ಅವರ ಕೈಯಲ್ಲಿರುವುದು ಪಟ್ಟಿ ಮಾತ್ರ.

ಅರ್ಜಿ ಕೊಟ್ಟ ದಿನವೇ ತಕರಾರಿಲ್ಲದ ಭಾಗವನ್ನೂ ಈ ತಿಂಗಳ ಬಿಲ್ಲನ್ನೂ ಕಟ್ಟಿಬಿಡಿ. ಉಳಿದದ್ದಕ್ಕೆ ಕಂತು ಬೇಕಾದರೆ ಅದನ್ನೂ ಅರ್ಜಿಯಲ್ಲೇ ಬರೆಯಿರಿ, ಎಷ್ಟು ಕಂತು, ಯಾವ ದಿನಾಂಕ ಎಂಬುದರ ಸಮೇತ. ಬಡ್ಡಿ ಮನ್ನಾ ಯೋಜನೆ ಆಗ ಜಾರಿಯಲ್ಲಿದೆಯೇ ಎಂದು ಕೇಳಲು ಮರೆಯಬೇಡಿ. ಕಚೇರಿಯಲ್ಲಿ ಕೆಲಸ ಆಗದಿದ್ದರೆ 1916ಕ್ಕೆ ದೂರು ಕೊಟ್ಟು ಸಂಖ್ಯೆ ಬರೆದಿಟ್ಟುಕೊಳ್ಳಿ, ಉಪವಿಭಾಗದ ನೀರಿನ ಅದಾಲತ್‌ಗೆ, ಅಂದರೆ ಜಲಮಂಡಳಿ ಗ್ರಾಹಕರ ದೂರು ಕೇಳುವ ಸಭೆಗೆ, ಹೋಗಿ. ಬಿಲ್ಲಿನ ತಕರಾರಿಗೆ ಅದೇ ಸರಿಯಾದ ಜಾಗ.

ಕಡಿತ ಆಗಿಯೇ ಹೋದರೆ ಖರ್ಚು ಬಾಕಿಗೆ ನಿಲ್ಲುವುದಿಲ್ಲ, ಮರುಜೋಡಣೆಯ ಶುಲ್ಕವೂ ಸೇರುತ್ತದೆ. ಮೀಟರಿನ ಬಳಿ ಬಂದ್ ಮಾಡಿದ್ದರೆ ಬೇಗ ಮುಗಿಯುವ ಕೆಲಸ. ರಸ್ತೆಯ ಮುಖ್ಯ ಕೊಳವೆಯಲ್ಲೇ ಮುಚ್ಚಿದ್ದರೆ ರಸ್ತೆ ಅಗೆಯಬೇಕು. ಅದಕ್ಕೆ ಪಾಲಿಕೆಯ ಅನುಮತಿ, ಅಗೆತದ ಶುಲ್ಕ, ಕೂಲಿ ಎಲ್ಲ ಬೇರೆ. ಪ್ಲಂಬರ್ ಕರೆಸಿ ನೀವೇ ಜೋಡಿಸಿಕೊಳ್ಳುವ ಯೋಚನೆ ಬೇಡವೇ ಬೇಡ. ಅದು ಅನಧಿಕೃತ ಸಂಪರ್ಕ ಆಗುತ್ತದೆ, ದಂಡ ಮತ್ತು ಮೊಕದ್ದಮೆ ಎದುರಿಸಬೇಕಾದೀತು.

ಈಗಿನ ಬಿಲ್ಲೂ ಹೆಚ್ಚು ಬರುತ್ತಿದ್ದರೆ, ನೀರು ಬಿಡುವ ದಿನ ಸಂಪ್ ತುಂಬಿ ಫ್ಲೋಟ್ ವಾಲ್ವ್ ಮುಚ್ಚಿದ ಮೇಲೆ ಮೀಟರ್ ನೋಡಿ. ಮುಳ್ಳು ಇನ್ನೂ ತಿರುಗುತ್ತಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಮೀಟರಿಗೂ ಸಂಪಿಗೂ ನಡುವಿನ ಕೊಳವೆ ಸೋರುತ್ತಿದೆ. ಅದನ್ನು ಸರಿಪಡಿಸುವುದು ನಿಮ್ಮ ಖರ್ಚು, ಸೋರಿದ ನೀರಿಗೂ ಬಿಲ್ ಬರುತ್ತದೆ. ಬಾಕಿ ತೀರಿದ ಕೂಡಲೇ ಸಂಪರ್ಕವನ್ನು ನಿಮ್ಮ ಹೆಸರಿಗೆ ಬದಲಿಸಿಕೊಂಡು, ಮೊಬೈಲ್ ಸಂಖ್ಯೆ ಸೇರಿಸಿ.